ಮಗುವಿನ ಸುತ್ತಲಿನ ನೀರಲ್ಲೂ ಥೈರಾಯ್ಡ್ ಹಾರ್ಮೋನ್ ಇರುತ್ತದಂತೆ, ಅದನ್ನು ಪರೀಕ್ಷೆ ಮಾಡಿಸಬೇಕಾ?

ಹುಲೇಕಲ್ ಹುಡುಗಿ · ಆಗಸ್ಟ್, ಸಂಜೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು. ಶಿರಸಿ ಹತ್ತಿರ ನಮ್ಮ ಮನೆ. ನನಗೀಗ 9 ವಾರ, ಚೊಚ್ಚಲು. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ 75 ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ರಕ್ತ ಕೊಟ್ಟಾಗ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದರೆ ಏರುತ್ತದಂತೆ) 6.8 ಬಂತು. ಫ್ರೀ ಟಿ4, ಅಂದರೆ ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್, ಸರಿ ಇದೆ. ಡಾಕ್ಟರು ಮಾತ್ರೆಯನ್ನು 100 ಮಾಡಿ, ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಜಾಸ್ತಿ ಕೇಳಲು ಬಾಯಿ ಬರಲಿಲ್ಲ.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಮಗು ತೇಲುವ ನೀರಲ್ಲೂ ಥೈರಾಯ್ಡ್ ಹಾರ್ಮೋನ್ ಇರುತ್ತದಂತೆ, ಸೂಜಿ ಹಾಕಿ ಆ ನೀರು ತೆಗೆದು ನೋಡಿದರೆ ಮಗುವಿಗೆ ಸಾಕಷ್ಟು ಸಿಗುತ್ತಿದೆಯಾ ಅಂತ ಗೊತ್ತಾಗುತ್ತದಂತೆ ಎಂದಳು. ಅಂದಿನಿಂದ ನಿದ್ದೆ ಇಲ್ಲ. ಇತ್ತ ಅತ್ತೆ, "ಬಸುರಿ ಇಷ್ಟೆಲ್ಲ ಮಾತ್ರೆ ನುಂಗಬಾರದು" ಎನ್ನುತ್ತಾರೆ.

ಆ ನೀರಲ್ಲಿ ನಿಜವಾಗಿಯೂ ಹಾರ್ಮೋನ್ ಇರುತ್ತದಾ? ಇದ್ದರೆ ಎಲ್ಲಿಂದ ಬರುತ್ತದೆ? ಆ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಮಾಡುತ್ತಾರಾ? 6.8 ಬಂದದ್ದರಿಂದ ಮಗುವಿಗೆ ಆಗಬಾರದ್ದು ಆಗಿಬಿಟ್ಟಿದೆಯಾ? ಬೈಯಬೇಡಿ, ಗೊತ್ತಿದ್ದವರು ಹೇಳಿ.

ತೋಟದಮನೆ · ಅದೇ ದಿನ

ತಂಗಿ, ಮೊದಲು ಊಟ ಮಾಡಿ ಮಲಗು. ನನ್ನ ಹೆಂಡತಿಗೂ ಇದೇ ಮಾತ್ರೆ ಇತ್ತು. ಮಗ ಈಗ ತೋಟದಲ್ಲಿ ನನಗಿಂತ ಜೋರಾಗಿ ಓಡುತ್ತಾನೆ. ಉಳಿದದ್ದನ್ನು ತಿಳಿದವರು ಬರೆಯುತ್ತಾರೆ.

ಲ್ಯಾಬಿನವ ಕಾರವಾರ · ಅದೇ ರಾತ್ರಿ

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವ, ಡಾಕ್ಟರ್ ಅಲ್ಲ. ಪರೀಕ್ಷೆಯ ಮಾತು ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ಟಿ3, ಟಿ4, ಟಿಎಸ್‌ಎಚ್ ನೋಡುವ ಕಿಟ್‌ಗಳೆಲ್ಲ ರಕ್ತದ ಸೀರಮ್‌ಗೆ ಅಂತಲೇ ತಯಾರಾದವು. ರಕ್ತದಲ್ಲಿ ಪ್ರೊಟೀನ್ ಜಾಸ್ತಿ, ಗರ್ಭದ ನೀರಿನಲ್ಲಿ ತೀರಾ ಕಡಿಮೆ. ಆ ನೀರನ್ನು ಅದೇ ಯಂತ್ರಕ್ಕೆ ಹಾಕಿದರೆ ಯಂತ್ರ ಏನೋ ಒಂದು ಸಂಖ್ಯೆ ಕೊಡುತ್ತದೆ. ಯಂತ್ರಕ್ಕೇನು, ಕಷಾಯ ಹಾಕಿದರೂ ಸಂಖ್ಯೆ ಕೊಟ್ಟೀತು. ಅದರ ಅರ್ಥ ಹೇಳಬೇಕಾದರೆ, ಅದೇ ವಾರದ ಬೇರೆ ಬಸುರಿಯರ ನೀರಲ್ಲಿ ಎಷ್ಟಿರುತ್ತದೆ ಎಂಬ ಪಟ್ಟಿ ಕೈಯಲ್ಲಿ ಇರಬೇಕು. ಅದು ನಮ್ಮಂಥ ಕಡೆ ಇರುವುದಿಲ್ಲ. ನನ್ನ ಇಷ್ಟು ವರ್ಷದ ಸರ್ವಿಸ್‌ನಲ್ಲಿ ಥೈರಾಯ್ಡ್ ನೋಡಿ ಅಂತ ಗರ್ಭದ ನೀರು ಒಂದು ಸಲವೂ ಬಂದಿಲ್ಲ.

ಘಟ್ಟ ಇಳಿದವಳು · ಮರುದಿನ ಬೆಳಗ್ಗೆ

ನಾನು ಯಲ್ಲಾಪುರದವಳು. ಈಗ ಹೆರಿಗೆ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ರಾತ್ರಿ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಚಿಕಿತ್ಸೆ ಮಾತ್ರ ನಿಮ್ಮ ಡಾಕ್ಟರು ಹೇಳಿದಂತೆಯೇ.

ಅಕ್ಕ, ಹಾರ್ಮೋನ್ ಇರುವುದು ನಿಜ. ನಿಮ್ಮ ತಂಗಿ ಸುಳ್ಳು ಓದಿಲ್ಲ. ಆದರೆ ನಿಮಗೆ ಈಗ ತೆಗೆಯಲು ನೀರೇ ಇಲ್ಲ! 10 ವಾರಕ್ಕೆ ಮಗುವಿನ ಸುತ್ತ ಇರುವುದು ಸುಮಾರು 30 ಎಂಎಲ್, ಎರಡು ದೊಡ್ಡ ಚಮಚದಷ್ಟು. 16 ವಾರಕ್ಕೆ ಸುಮಾರು 200 ಎಂಎಲ್ ಆಗುತ್ತದೆ. ಸೂಜಿ ಹಾಕಿ ನೀರು ತೆಗೆಯುವ ಆಮ್ನಿಯೋಸೆಂಟಿಸಿಸ್ ಮಾಡುವುದು 15 ವಾರ ದಾಟಿದ ಮೇಲೆ. ತೆಗೆಯುವುದು 15-20 ಎಂಎಲ್. ಅದಕ್ಕೂ ಗರ್ಭ ಹೋಗುವ ಸಣ್ಣ ಅಪಾಯ ಇದೆ. ಹಳೆಯ ಪುಸ್ತಕಗಳಲ್ಲಿ 200ಕ್ಕೆ 1 ಎಂದಿರುತ್ತದೆ, ಈಗಿನ ಲೆಕ್ಕ ಅದಕ್ಕಿಂತ ಕಡಿಮೆ. ಕಡಿಮೆ ಅಂತ ಸುಮ್ಮಸುಮ್ಮನೆ ಚುಚ್ಚುವುದಿಲ್ಲ ಅಲ್ವಾ.

ಈಗ ಮುಖ್ಯ ವಿಷಯ. ಮಗುವಿನ ಥೈರಾಯ್ಡ್ ಗ್ರಂಥಿ ಅಯೋಡಿನ್ ಹಿಡಿಯಲು ಶುರುಮಾಡುವುದೇ 10-12ನೇ ವಾರಕ್ಕೆ. ಕೈತುಂಬ ಹಾರ್ಮೋನ್ ಮಾಡುವುದು 18-20 ವಾರದ ಮೇಲೆ. ಅಲ್ಲಿಯವರೆಗೆ ಮಗುವಿನ ಮಿದುಳಿಗೆ ಬೇಕಾದ ಟಿ4 ನಿಮ್ಮ ರಕ್ತದಿಂದಲೇ ಹೋಗಬೇಕು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ಮೂರು ತಿಂಗಳ ಭ್ರೂಣದ ಸುತ್ತಲಿನ ದ್ರವಗಳನ್ನು ಪರೀಕ್ಷೆ ಮಾಡಿದ್ದರು. ಮಗುವಿನ ಗ್ರಂಥಿ ಇನ್ನೂ ಕೆಲಸಕ್ಕೇ ಇಳಿದಿರಲಿಲ್ಲ, ಆದರೂ ಟಿ4 ಸಿಕ್ಕಿತು. ತಾಯಿಯದಲ್ಲದೆ ಇನ್ಯಾರದು?

ಅಂದರೆ, ನಿಮ್ಮ ಹಾರ್ಮೋನ್ ಅತಿ ಹೆಚ್ಚು ಬೇಕಾದ ಸಮಯದಲ್ಲಿ ನೀರು ತೆಗೆಯಲು ಬರುವುದಿಲ್ಲ. ತೆಗೆಯಲು ಬರುವ ಹೊತ್ತಿಗೆ ಆ ಸಮಯ ಬಹುಪಾಲು ಮುಗಿದಿರುತ್ತದೆ. ನಿಮ್ಮ ಪ್ರಶ್ನೆಗೆ ಆ ಪರೀಕ್ಷೆ ತಡವಾಗಿ ಬರುವ ಉತ್ತರ. ಬೇಗ ಸಿಗುವ ಉತ್ತರ ನಿಮ್ಮ ತೋಳಿನ ರಕ್ತದಲ್ಲೇ ಇದೆ.

ಮಾತ್ರೆ 75 ಇದ್ದದ್ದು 100 ಆಗಿದ್ದು ಸರಿಯಾಗಿಯೇ ಇದೆ. ಥೈರಾಕ್ಸಿನ್ (ಇದೇ ಥೈರಾಯ್ಡ್ ಮಾತ್ರೆ) ತೆಗೆದುಕೊಳ್ಳುವವರಿಗೆ ಬಸುರು ಖಚಿತವಾದ ಕೂಡಲೇ ಶೇಕಡಾ 25-30 ಏರಿಸುವುದು ರೂಢಿ. ಕೆಲವರು ವಾರಕ್ಕೆ ಏಳು ಮಾತ್ರೆಯ ಬದಲು ಒಂಬತ್ತು ಎಂದು ಬರೆದುಕೊಡುತ್ತಾರೆ. ಗುರಿ ಟಿಎಸ್‌ಎಚ್ 2.5ರ ಒಳಗೆ ತರುವುದು. ಅತ್ತೆಯವರಿಗೆ ಹೀಗೆ ಹೇಳಿ: ಇದು ಹೊರಗಿನ ಔಷಧ ಅಲ್ಲ, ದೇಹ ತಾನೇ ಮಾಡಬೇಕಿದ್ದ ವಸ್ತು. ಕಡಿಮೆ ಬಿದ್ದದ್ದನ್ನು ತುಂಬುತ್ತಿದ್ದೇವೆ, ಅಷ್ಟೇ.

ಬಿಡುವಿನ ಮೇಷ್ಟ್ರು · ಮರುದಿನ ಮಧ್ಯಾಹ್ನ

ಕುಮಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವ ನಾನು. "ಎಲ್ಲಿಂದ ಬರುತ್ತದೆ" ಎಂಬ ಪ್ರಶ್ನೆ ಒಳ್ಳೆಯದು. ಡಾಕ್ಟರಮ್ಮ ಅರ್ಧ ಹೇಳಿದ್ದಾರೆ, ಉಳಿದರ್ಧ ನಾನು ಹೇಳುತ್ತೇನೆ. ಮೇಷ್ಟ್ರ ಚಾಳಿ, ಸ್ವಲ್ಪ ಉದ್ದವಾಗುತ್ತದೆ.

ಅಘನಾಶಿನಿಯ ಅಳಿವೆ ನೋಡಿದ್ದೀರಲ್ಲ? ಅಲ್ಲಿ ಒಂದು ಕೊಡ ನೀರು ಎತ್ತಿ, ಇದರಲ್ಲಿ ಹೊಳೆಯದು ಎಷ್ಟು, ಸಮುದ್ರದ್ದು ಎಷ್ಟು ಎಂದು ಕೇಳಿದರೆ ಏನು ಹೇಳುತ್ತೀರಿ? ಮಳೆಗಾಲವಾ, ಬೇಸಿಗೆಯಾ, ಭರತವಾ, ಇಳಿತವಾ ಎಂದು ತಿರುಗಿ ಕೇಳಬೇಕಾಗುತ್ತದೆ. ಗರ್ಭದ ನೀರೂ ಒಂದು ಅಳಿವೆ. ಮೊದಲ ವಾರಗಳಲ್ಲಿ ಅದು ಹೆಚ್ಚುಕಮ್ಮಿ ತಾಯಿಯ ಕಡೆಯಿಂದ ಒಸರಿದ್ದು. ಆಮೇಲೆ ಮಗುವಿನ ಮೂತ್ರಪಿಂಡ ಕೆಲಸ ಶುರುಮಾಡುತ್ತದೆ. ಅರ್ಧ ಬಸುರು ಕಳೆದ ಮೇಲೆ ಆ ನೀರಿನ ದೊಡ್ಡ ಪಾಲು ಮಗುವಿನ ಮೂತ್ರವೇ. (ಮೂಗು ಮುರಿಯಬೇಡಿ, ನೀವೂ ಅದರಲ್ಲೇ ಈಜಿ ಬಂದವರು.) ಮಗು ಅದನ್ನೇ ಕುಡಿಯುತ್ತದೆ, ಮತ್ತೆ ಮೂತ್ರ ಮಾಡುತ್ತದೆ. ದಿನ ತುಂಬುವ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿಗೂ ಜಾಸ್ತಿ ಕುಡಿಯುತ್ತದೆ. ಗಜನಿ ಗದ್ದೆಗೆ ಉಬ್ಬರದ ನೀರು ನುಗ್ಗಿ ವಾಪಸ್ ಹೋಗುವ ಹಾಗೆ. ಹಾಗಾಗಿ ಅಲ್ಲಿ ಸಿಗುವ ಹಾರ್ಮೋನ್ ತಾಯಿಯದೂ ಹೌದು, ಮಗುವಿನದೂ ಹೌದು. ಯಾವ ವಾರ ಎನ್ನುವುದರ ಮೇಲೆ ಪಾಲು ಬದಲಾಗುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಟಿ4 ಎಂದರೆ ನಾಲ್ಕು ಅಯೋಡಿನ್ ಪರಮಾಣು ಇರುವ ಹಾರ್ಮೋನ್. ಅದರ ಹೊರಗಿನ ಉಂಗುರದಿಂದ ಒಂದು ತೆಗೆದರೆ ಟಿ3 ಆಗುತ್ತದೆ. ಕೆಲಸ ಮಾಡುವುದು ಈ ಟಿ3. ಒಳಗಿನ ಉಂಗುರದಿಂದ ಒಂದು ತೆಗೆದರೆ ಆಗುವುದು ರಿವರ್ಸ್ ಟಿ3. ಅದು ಜೊಳ್ಳು. ನೋಡಲು ಭತ್ತದ ಹಾಗೇ ಇರುತ್ತದೆ, ಒಳಗೆ ಅಕ್ಕಿ ಇಲ್ಲ. ಗರ್ಭದ ನೀರಿನಲ್ಲಿ ಟಿ3 ಹುಡುಕಿದರೂ ಸಿಗದಷ್ಟು ಕಡಿಮೆ, ಟಿ4 ಸ್ವಲ್ಪ, ಈ ಜೊಳ್ಳು ಮಾತ್ರ ರಾಶಿ. 1975ರಲ್ಲಿ ಲಾಸ್ ಏಂಜಲೀಸ್‌ನ ಚೋಪ್ರಾ ಮತ್ತು ಕ್ರ್ಯಾಂಡಲ್ ಇದನ್ನು ಅಳೆದು ಪ್ರಕಟಿಸಿದರು. ಬಸುರಿನ ನಡುವೆ ಜಾಸ್ತಿ ಇರುವ ರಿವರ್ಸ್ ಟಿ3, ದಿನ ತುಂಬುತ್ತ ಬಂದಂತೆ ಇಳಿಯುತ್ತದೆ.

ಇಷ್ಟೊಂದು ಜೊಳ್ಳು ಯಾಕೆ? ಮಾಸು (ಪ್ಲಾಸೆಂಟಾ) ಇದೆಯಲ್ಲ, ಅದರಲ್ಲಿ ಟಿ4ನ ಒಳಗಿನ ಅಯೋಡಿನ್ ಕಿತ್ತುಹಾಕುವ ಒಂದು ಕಿಣ್ವ ಇದೆ. ತಾಯಿಯಿಂದ ಬರುವ ಹಾರ್ಮೋನನ್ನು ಬಾಗಿಲಲ್ಲೇ ತಡೆದು, ಬಹುಪಾಲನ್ನು ಜೊಳ್ಳು ಮಾಡಿ, ಸ್ವಲ್ಪವನ್ನಷ್ಟೇ ಒಳಗೆ ಬಿಡುತ್ತದೆ. ಮಗುವಿಗೆ ಬೇಕಾದ್ದಕ್ಕಿಂತ ಜಾಸ್ತಿ ನುಗ್ಗದಿರಲಿ ಎಂದು.

ಘಟ್ಟ ಇಳಿದವಳು · ಅದೇ ಸಂಜೆ

ಮೇಷ್ಟ್ರೇ, ಜೊಳ್ಳಿನ ಉಪಮೆ ಕದಿಯುತ್ತೇನೆ, ಪರೀಕ್ಷೆಯಲ್ಲಿ ಬರೆದುಬಿಡುತ್ತೇನೆ. ಒಂದೇ ಸೇರಿಸುವುದು. ಆ ಕಾಲದಲ್ಲಿ ರಿವರ್ಸ್ ಟಿ3 ನೋಡಿದರೆ ಮಗುವಿಗೆ ಥೈರಾಯ್ಡ್ ಕೊರತೆ ಇದೆಯಾ ಎಂದು ಹೊಟ್ಟೆಯಲ್ಲೇ ಹಿಡಿಯಬಹುದು ಎಂಬ ಆಸೆ ಇತ್ತು. ಆಮೇಲೆ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ ಎಂದು ಗೊತ್ತಾಯಿತು. ನೀವೇ ಹೇಳಿದಂತೆ ಅದು ಅಳಿವೆಯ ನೀರು. ಮಗುವಿನ ಗ್ರಂಥಿ ಹೇಗಿದೆ ಎಂದು ಖಚಿತವಾಗಿ ಗೊತ್ತಾಗಬೇಕಾದರೆ ಹೊಕ್ಕುಳ ಬಳ್ಳಿಯ ರಕ್ತವನ್ನೇ ತೆಗೆಯಬೇಕು. ಅದು ಇನ್ನೂ ಅಪಾಯದ ಕೆಲಸ.

ತೋಟದಮನೆ · ಅದೇ ಸಂಜೆ

ಹಾಗಾದರೆ ಥೈರಾಯ್ಡ್‌ಗಾಗಿ ಈ ನೀರಿಗೆ ಸೂಜಿ ಹಾಕುವುದು ಯಾರಿಗೂ ಬೇಡವೇ? ಸುಮ್ನೆ ಕೇಳಿದೆ.

ಘಟ್ಟ ಇಳಿದವಳು · ಅದೇ ರಾತ್ರಿ

ಬೇಕಾಗುತ್ತದೆ, ಅಪರೂಪಕ್ಕೆ. ತಾಯಿಗೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇರುತ್ತದೆ ಎಂದುಕೊಳ್ಳಿ. ಅದನ್ನು ತಗ್ಗಿಸುವ ಮಾತ್ರೆ ಮಾಸನ್ನು ದಾಟಿ ಮಗುವಿನ ಗ್ರಂಥಿಯನ್ನೂ ತಗ್ಗಿಸುತ್ತದೆ. ಆಗ ಸ್ಕ್ಯಾನ್‌ನಲ್ಲಿ ಮಗುವಿನ ಕುತ್ತಿಗೆಯಲ್ಲಿ ಗಡ್ಡೆ ಕಾಣಬಹುದು. ಗಡ್ಡೆ ಅನ್ನನಾಳ ಒತ್ತಿದರೆ ಮಗುವಿಗೆ ನೀರು ಕುಡಿಯಲು ಆಗುವುದಿಲ್ಲ, ಗರ್ಭದಲ್ಲಿ ನೀರು ಜಾಸ್ತಿಯಾಗುತ್ತದೆ. ಮೊದಲು ತಾಯಿಯ ಮಾತ್ರೆ ಇಳಿಸಿ ನೋಡುತ್ತಾರೆ. ಅದರಿಂದಲೂ ಗಡ್ಡೆ ಕರಗದಿದ್ದರೆ ಥೈರಾಕ್ಸಿನ್ ಔಷಧವನ್ನೇ ಸೂಜಿಯಲ್ಲಿ ಆ ನೀರಿಗೆ ಬಿಡುತ್ತಾರೆ, ಸಾಮಾನ್ಯವಾಗಿ 250-500 ಮೈಕ್ರೊಗ್ರಾಂ, ವಾರ-ಹತ್ತು ದಿನಕ್ಕೊಮ್ಮೆ. ಮಗು ನೀರು ಕುಡಿಯುತ್ತದಲ್ಲ, ಜೊತೆಗೆ ಔಷಧವನ್ನೂ ಕುಡಿಯುತ್ತದೆ! ಮೊದಲ ಸಲ ಓದಿದಾಗ ನನಗೆ ರೋಮಾಂಚನ ಆಗಿತ್ತು.

ಹುಲೇಕಲ್ ಅಕ್ಕ, ನಿಮ್ಮದು ಈ ಜಾತಿಯ ಕೇಸ್ ಅಲ್ಲವೇ ಅಲ್ಲ.

ಯಾಣದ ಗಾಳಿ · ಮರುದಿನ

ಅಂಥದ್ದು ಬಂದರೂ ನಾವು ಹೋಗುವುದೆಲ್ಲಿಗೆ? ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾದ ಬಾಂಬೋಲಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಬಸುರಿಗೆ ಹೆರಿಗೆಯೇ ಆಗಿರುತ್ತದೆ. 2022ರಲ್ಲಿ ನಾವೆಲ್ಲ ಆಸ್ಪತ್ರೆ ಬೇಕು ಅಂತ ಫೇಸ್‌ಬುಕ್ ತುಂಬ ಕೂಗಿದ್ದೆವು...

ನಿರ್ವಾಹಕ · ಮರುದಿನ

ಆಸ್ಪತ್ರೆ ಹೋರಾಟಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಸಿಟ್ಟು ನನಗೂ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ಅಘನಾಶಿನಿ ದಂಡೆ · ಮರುದಿನ

ವಿಷಯಕ್ಕೇ ಬರುತ್ತೇನೆ. ನಮ್ಮ ಅಜ್ಜಿಗೆ ಒಂಬತ್ತು ಹೆರಿಗೆ. ಟಿಎಸ್‌ಎಚ್ ಎಂಬ ಶಬ್ದವನ್ನೇ ಕೇಳಿದವಳಲ್ಲ. ತಿಂದದ್ದು ಸಾಣಿಕಟ್ಟೆಯ ಕಲ್ಲುಪ್ಪು, ಬಂಗಡೆ, ಶೆಟ್ಲಿ (ಸಿಗಡಿ), ಬೆಳಚು (ಚಿಪ್ಪುಮೀನು). ಆ ಉಪ್ಪು ಬಿಟ್ಟು ಪ್ಯಾಕೆಟ್ ಪುಡಿ ಉಪ್ಪು ಹಿಡಿದ ಮೇಲೆ ಮನೆಮನೆಗೆ ಥೈರಾಯ್ಡ್. ಸಮುದ್ರದ ಉಪ್ಪಲ್ಲಿ ಅಯೋಡಿನ್ ಇರುತ್ತದೆ, ಇದು ಶಾಲೆ ಮಕ್ಕಳಿಗೂ ಗೊತ್ತು. ಹುಲೇಕಲ್ ತಂಗಿ ನಮ್ಮ ಉಪ್ಪು ತಿಂದು ನೋಡಲಿ.

ಬಿಡುವಿನ ಮೇಷ್ಟ್ರು · ಅದೇ ದಿನ

ದಂಡೆಯವರೇ, ಸಾಣಿಕಟ್ಟೆ ಉಪ್ಪಿನ ರುಚಿಗೆ ನಾನೂ ಸೋತವ. ಆದರೆ ಲೆಕ್ಕ ಹಾಕೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಅಯೋಡಿನ್ ಸುಮಾರು 60 ಮೈಕ್ರೊಗ್ರಾಂ. ಅದೇ ಲೀಟರಿನಲ್ಲಿ ಉಪ್ಪಿನಂಶ ಸುಮಾರು 35 ಗ್ರಾಂ. ಒಂದು ಹನಿ ಅಯೋಡಿನ್ ಕೂಡ ಹಾಳಾಗದೆ ಉಪ್ಪಿನಲ್ಲೇ ಉಳಿಯಿತು ಎಂದುಕೊಂಡರೂ ಗ್ರಾಂ ಉಪ್ಪಿಗೆ 2 ಮೈಕ್ರೊಗ್ರಾಂ ಕೂಡ ಬರುವುದಿಲ್ಲ. ನಿಜಕ್ಕೂ ಬಿಸಿಲಲ್ಲಿ ಒಣಗುವಾಗ ಅದರಲ್ಲೂ ಬಹಳಷ್ಟು ಹೋಗುತ್ತದೆ. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿ ನಮ್ಮ ಕೈ ಸೇರುವಾಗ ಗ್ರಾಂಗೆ ಕನಿಷ್ಠ 15 ಮೈಕ್ರೊಗ್ರಾಂ ಇರಬೇಕು ಎಂಬ ನಿಯಮ ಇದೆ. ಬಸುರಿಗೆ ದಿನಕ್ಕೆ 250 ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲ್ಲುಪ್ಪಿನಿಂದಲೇ ತುಂಬಿಸಲು ಹೊರಟರೆ ಆ ತಂಗಿ ದಿನಕ್ಕೆ ನೂರು ಗ್ರಾಂಗೂ ಮೇಲೆ ಉಪ್ಪು ತಿನ್ನಬೇಕು!

ನಿಮ್ಮ ಅಜ್ಜಿಯನ್ನು ಕಾಪಾಡಿದ್ದು ಉಪ್ಪಲ್ಲ, ಬಂಗಡೆ ಮತ್ತು ಶೆಟ್ಲಿ. ಮೀನು ಅಯೋಡಿನ್ ಕೂಡಿಡುತ್ತದೆ. ಘಟ್ಟದ ಮೇಲೆ ಆ ಭಾಗ್ಯ ಇಲ್ಲ. ಸುರಿಯುವ ಮಳೆಗೆ ಮಣ್ಣಿನ ಅಯೋಡಿನ್ ತೊಳೆದುಹೋಗುತ್ತದೆ, ಬೆಳೆದ ಭತ್ತ-ತರಕಾರಿಯಲ್ಲೂ ಕಡಿಮೆ. ಅದರ ಮೇಲೆ ಮೀನು ತಿನ್ನದ ಮನೆ. ಹಾಲು-ಮೊಸರಿನಿಂದ ಒಂದಿಷ್ಟು ಬರುತ್ತದೆ ಅಷ್ಟೇ. ಇದೆಲ್ಲ ಊಹೆಯ ಮಾತಲ್ಲ. 1956ರಲ್ಲಿ ಶುರುವಾದ ಕಾಂಗ್ರಾ ಕಣಿವೆಯ ಅಧ್ಯಯನದಲ್ಲಿ ರಾಮಲಿಂಗಸ್ವಾಮಿಯವರ ತಂಡ ಅಯೋಡಿನ್ ಉಪ್ಪು ಕೊಟ್ಟ ಊರುಗಳಲ್ಲಿ ಗಳಗಂಡ (ಕುತ್ತಿಗೆಯ ಥೈರಾಯ್ಡ್ ಗಡ್ಡೆ) ಇಳಿದದ್ದನ್ನು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

ತೋಟದಮನೆ · ಅದೇ ದಿನ

ನಮ್ಮ ಅಜ್ಜಿಗೆ ಕುತ್ತಿಗೆಯಲ್ಲಿ ಗಡ್ಡೆ ಇತ್ತು. ನಾವು ಮಕ್ಕಳು ಅವಳ ಮಡಿಲಲ್ಲಿ ಕೂತು ಅದನ್ನು ಮುಟ್ಟಿ ಆಡುತ್ತಿದ್ದೆವು. ಅದು ಕಾಯಿಲೆ ಎಂದು ಯಾರೂ ಹೇಳಿರಲಿಲ್ಲ. ಸಿದ್ದಾಪುರದ ಕಡೆ ಆಗ ಮುದುಕಿಯರಿಗೆ ಅದು ಇದ್ದೇ ಇರುತ್ತದೆ ಎಂದುಕೊಂಡಿದ್ದೆ.

ಅಘನಾಶಿನಿ ದಂಡೆ · ಅದೇ ರಾತ್ರಿ

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಮೀನು ಗೆದ್ದಿತಲ್ಲ, ಅಷ್ಟು ಸಾಕು.

ಹೊನ್ನಾವರದ ಆಶಾ · ಎರಡು ದಿನದ ನಂತರ

ನಾನು ಆಶಾ ಕಾರ್ಯಕರ್ತೆ. ಎಲ್ಲರೂ ದೊಡ್ಡ ವಿಷಯ ಬರೆದಿದ್ದೀರಿ. ನಾನು ಮನೆಮನೆಯಲ್ಲಿ ನೋಡುವುದನ್ನು ಹೇಳುತ್ತೇನೆ. ಥೈರಾಯ್ಡ್ ಮಾತ್ರೆ ಇದ್ದರೂ ಟಿಎಸ್‌ಎಚ್ ಇಳಿಯದ ಹೆಂಗಸರನ್ನು ಕೂರಿಸಿ ಕೇಳಿದರೆ, ಹೆಚ್ಚಿನವರು ಬೆಳಗ್ಗೆ ಚಹಾದ ಜೊತೆಗೇ ನುಂಗುತ್ತಾರೆ. ಇಲ್ಲವೇ ನಾವು ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಇದು, ಮೂರನ್ನೂ ಒಂದೇ ಗುಟುಕಿಗೆ. ಮರೆಯದಿರಲಿ ಅಂತ! ಕಬ್ಬಿಣ, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದುಬಿಡುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ನಡುವೆ ನಾಲ್ಕು ತಾಸು ಅಂತರ ಇರಲಿ.

ಹುಲೇಕಲ್ ತಂಗಿ, ನೀನು ಹೇಗೆ ತೆಗೆದುಕೊಳ್ಳುತ್ತಿದ್ದೀ?

ಇನ್ನೊಂದು. ಉಪ್ಪನ್ನು ಒಲೆ ಪಕ್ಕ ಮುಚ್ಚಳ ಇಲ್ಲದ ಮರಿಗೆಯಲ್ಲಿ ಇಡಬೇಡಿ. ಮಳೆಗಾಲದ ತೇವಕ್ಕೆ, ಒಲೆಯ ಕಾವಿಗೆ ಅಯೋಡಿನ್ ಹೋಗುತ್ತದೆ. ಸಾರು ಇಳಿಸುವ ಮುಂಚೆ ಉಪ್ಪು ಹಾಕಿದರೆ ಒಳ್ಳೆಯದು.

ಹುಲೇಕಲ್ ಹುಡುಗಿ · ಅದೇ ದಿನ

ಆಶಾ ಅಕ್ಕ, ಸಿಕ್ಕಿಬಿದ್ದೆ. ಬೆಳಗ್ಗೆ ಹಾಲು ಹಾಕಿದ ಕಷಾಯದ ಜೊತೆ. ಎರಡು ವರ್ಷದಿಂದ ಹಾಗೇ. ಯಾರೂ ಹೇಳಿರಲಿಲ್ಲ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರಬಹುದು, ಓದಿದವರು ಯಾರು.

ನಾಳೆಯಿಂದ ಎದ್ದ ಕೂಡಲೇ ನೀರಿನಲ್ಲಿ, ಕಷಾಯ ಅರ್ಧ ತಾಸು ಬಿಟ್ಟು. ಡಾಕ್ಟರಮ್ಮ, ನನ್ನ ಕೊನೆಯ ಪ್ರಶ್ನೆ ಬಾಕಿ ಇದೆ. ಮಗುವಿಗೆ ಏನಾದರೂ ಆಗಿಬಿಟ್ಟಿದೆಯಾ?

ಘಟ್ಟ ಇಳಿದವಳು · ಅದೇ ರಾತ್ರಿ

ಮರೆತಿರಲಿಲ್ಲ ಅಕ್ಕ, ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದೆ. 1999ರಲ್ಲಿ ಅಮೆರಿಕದ ಒಂದು ಅಧ್ಯಯನ ದೊಡ್ಡ ಸುದ್ದಿ ಮಾಡಿತು. ಬಸುರಿನಲ್ಲಿ ಥೈರಾಯ್ಡ್ ಕೊರತೆ ಇದ್ದೂ ಚಿಕಿತ್ಸೆ ಸಿಗದ ತಾಯಂದಿರ ಮಕ್ಕಳ ಐಕ್ಯೂ, ಬೇರೆ ಮಕ್ಕಳಿಗಿಂತ ಸರಾಸರಿ 7 ಅಂಕ ಕಡಿಮೆ ಇತ್ತು. ಎಲ್ಲರೂ ಹೆದರುವುದು ಇದನ್ನು ಓದಿಯೇ. ಗಮನಿಸಿ, ಅವರು ಚಿಕಿತ್ಸೆಯೇ ಇಲ್ಲದೆ ಒಂಬತ್ತು ತಿಂಗಳು ಕಳೆದವರು. 2012 ಮತ್ತು 2017ರಲ್ಲಿ ಬಂದ ದೊಡ್ಡ ಪ್ರಯೋಗಗಳಲ್ಲಿ ಸೌಮ್ಯ ಕೊರತೆ ಇದ್ದವರಿಗೆ ಮಾತ್ರೆ ಕೊಟ್ಟರೂ ಕೊಡದಿದ್ದರೂ ಮಕ್ಕಳ ಐಕ್ಯೂನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮಾತ್ರೆ ಶುರುವಾದದ್ದೇ ತಡವಾಗಿ ಎಂಬ ಆಕ್ಷೇಪವೂ ಇದೆ, ಅದೂ ನ್ಯಾಯವೇ.

ನಿಮ್ಮದು ಎರಡಕ್ಕೂ ಬೇರೆ. ಟಿ4 ಸರಿ ಇದೆ. ಮಗುವಿಗೆ ಹೋಗುವುದು ಆ ಟಿ4. ಟಿಎಸ್‌ಎಚ್ ಮಾಸನ್ನು ದಾಟುವುದೇ ಇಲ್ಲ ಎನ್ನಬಹುದು. ಅದು ನಿಮ್ಮ ಮಿದುಳು "ಇನ್ನೂ ಸ್ವಲ್ಪ ಬೇಕು" ಎಂದು ಹಾಕುವ ಕೂಗು ಮಾತ್ರ. ಕೂಗು 9 ವಾರಕ್ಕೇ ಕೇಳಿಸಿತು, ಮಾತ್ರೆಯೂ ಏರಿತು. ನನ್ನ ಸ್ವಂತ ಅಕ್ಕನಾಗಿದ್ದರೆ ಇಷ್ಟೇ ಹೇಳಿ ಮಲಗಿಸುತ್ತಿದ್ದೆ.

ಪುಟ್ಟಿಯ ಅಮ್ಮ · ಮೂರು ದಿನದ ನಂತರ

ಇದನ್ನು ಬರೆಯಬೇಕಾ ಬೇಡವಾ ಎಂದು ಮೂರು ದಿನ ಯೋಚಿಸಿದೆ. ಹೆದರಿಸಲು ಅಲ್ಲ.

ಅಂಕೋಲಾ ನಮ್ಮದು. ಎರಡನೇ ಬಸುರಿನಲ್ಲಿ ನನ್ನ ಥೈರಾಯ್ಡ್ ಪೂರ್ತಿ ಸರಿ ಇತ್ತು. ಸ್ಕ್ಯಾನ್ ಸರಿ ಇತ್ತು. ನೀರೂ ಸರಿ ಇತ್ತು. ಮಗಳು 3 ಕಿಲೋ ಹುಟ್ಟಿದಳು. ಎಲ್ಲರೂ "ಎಂಥ ಶಾಂತ ಮಗು" ಎಂದರು. ಅಳುತ್ತಿರಲಿಲ್ಲ, ಹಾಲಿಗೂ ಎಬ್ಬಿಸಬೇಕಿತ್ತು. ಕಾಮಾಲೆ ಮೂರು ವಾರವಾದರೂ ಇಳಿಯಲಿಲ್ಲ, ಬಿಸಿಲಿಗೆ ಹಿಡಿಯಿರಿ ಎಂದರು. ಐದು ದಿನಕ್ಕೊಮ್ಮೆ ಕಕ್ಕ. ಅಳು ಬಂದರೆ ಗೊಗ್ಗರು ದನಿ. ಹೊಕ್ಕುಳ ಉಬ್ಬಿಕೊಂಡಿತ್ತು. ನಮ್ಮ ಆಯಿ ಮಾತ್ರ "ಈ ಕೂಸು ಶಾಂತ ಅಲ್ಲ, ಮಂಕು" ಎಂದಳು. ನಾನು ಆಯಿಯ ಮೇಲೆ ಸಿಟ್ಟು ಮಾಡಿ ಎರಡು ದಿನ ಮಾತು ಬಿಟ್ಟೆ.

ಎರಡೂವರೆ ತಿಂಗಳಿಗೆ ಬೇರೆ ಡಾಕ್ಟರು ರಕ್ತ ನೋಡಿದರು. ಟಿಎಸ್‌ಎಚ್ ಯಂತ್ರದ ಅಳತೆ ಮೀರಿತ್ತು. ಅವಳಿಗೆ ಥೈರಾಯ್ಡ್ ಗ್ರಂಥಿಯೇ ಬೆಳೆದಿರಲಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಹಿಮ್ಮಡಿ ಚುಚ್ಚಿ ಮಾಡುವ ಪರೀಕ್ಷೆ ಒಂದು ಇದೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಗೊತ್ತಿದ್ದರೆ ತಾನೇ ಕೇಳುವುದು. ಮಾತ್ರೆ ಪುಡಿಮಾಡಿ ಎದೆಹಾಲಿನಲ್ಲಿ ಚಮಚದಿಂದ ಕುಡಿಸಿದೆವು. ವಾರದೊಳಗೆ ಅವಳು ಜೋರಾಗಿ ಅತ್ತಳು. ಮನೆಯವರೆಲ್ಲ ನಿಂತು ಕೇಳಿದೆವು.

ಈಗ ನಾಲ್ಕನೇ ಕ್ಲಾಸು. ಮಾತು ತಡವಾಯಿತು, ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಉಳಿದಂತೆ ಚೂಟಿ. ಆ ಎರಡೂವರೆ ತಿಂಗಳು ಸಿಕ್ಕಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಹುಲೇಕಲ್ ತಂಗಿ, ನೀರಿನ ಪರೀಕ್ಷೆ ಮರೆತುಬಿಡು. ಹೆರಿಗೆಯಾದ ಮೂರನೇ ದಿನದ ಪರೀಕ್ಷೆ ಮರೆಯಬೇಡ.

ಬಿಡುವಿನ ಮೇಷ್ಟ್ರು · ಅದೇ ದಿನ

ತಾಯೀ, ನಿಮ್ಮ ಆಯಿಗೆ ನನ್ನ ನಮಸ್ಕಾರ ಹೇಳಿ.

ಗ್ರಂಥಿಯೇ ಇಲ್ಲದ ಮಗು ಹುಟ್ಟುವಾಗ ಸರಿಯಾಗಿ ಕಂಡದ್ದು ಹೇಗೆ ಎಂದು ಕೆಲವರಿಗೆ ಅನಿಸಿರಬಹುದು. 1989ರಲ್ಲಿ ನೆದರ್ಲೆಂಡ್ಸ್‌ನವರು ಇದನ್ನೇ ತೋರಿಸಿದರು. ಸ್ವಂತ ಹಾರ್ಮೋನ್ ಒಂದು ಚೂರೂ ಮಾಡಲಾಗದ ಶಿಶುಗಳ ಹೊಕ್ಕುಳ ಬಳ್ಳಿಯ ರಕ್ತದಲ್ಲೂ ಟಿ4 ಇತ್ತು, ಸಾಮಾನ್ಯ ಮಗುವಿನ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟು. ಎಲ್ಲ ತಾಯಿಯದು. ನಿಮ್ಮ ಪುಟ್ಟಿಯನ್ನು ಒಂಬತ್ತು ತಿಂಗಳು ಕಾದದ್ದು ನಿಮ್ಮ ರಕ್ತ. ಬಳ್ಳಿ ಕತ್ತರಿಸಿದ ಮೇಲೆ ಆ ದಾಸ್ತಾನು ಕೆಲವೇ ದಿನದಲ್ಲಿ ಖಾಲಿ.

ಲ್ಯಾಬಿನವ ಕಾರವಾರ · ಅದೇ ದಿನ

ಮೂರನೇ ದಿನವೇ ಯಾಕೆ ಅಂತ ಹೇಳುತ್ತೇನೆ. ಹುಟ್ಟಿದ ಅರ್ಧ ತಾಸಿನಲ್ಲಿ ಎಲ್ಲ ಮಕ್ಕಳ ಟಿಎಸ್‌ಎಚ್ 60-80ರವರೆಗೆ ಜಿಗಿಯುತ್ತದೆ. ಬೆಚ್ಚಗಿನ ಹೊಟ್ಟೆಯಿಂದ ಚಳಿಗೆ ಬಂದದ್ದಕ್ಕೆ. ಆಗ ತೆಗೆದರೆ ಸರಿ ಇದ್ದ ಮಗುವಿಗೂ ಕಾಯಿಲೆ ಇದ್ದ ಹಾಗೆ ಕಾಣುತ್ತದೆ. 48ರಿಂದ 72 ತಾಸಿಗೆ ಇಳಿದಿರುತ್ತದೆ. ಬೇಗ ಡಿಸ್ಚಾರ್ಜ್ ಆಗುವ ಕಡೆ ಬಳ್ಳಿಯ ರಕ್ತವನ್ನೇ ತೆಗೆದು ನೋಡುವುದೂ ಉಂಟು, ಜಿಗಿತ ಆಗುವ ಮೊದಲು. ನಮ್ಮ ದೇಶದಲ್ಲಿ ಸಾವಿರದಿಂದ ಒಂದೂವರೆ ಸಾವಿರ ಮಕ್ಕಳಿಗೆ ಒಂದರಂತೆ ಈ ಕೊರತೆ ಇರುತ್ತದೆ. ಹುಟ್ಟಿದ ಎರಡು ವಾರದೊಳಗೆ ಔಷಧ ಶುರುವಾದರೆ ಮಿದುಳು ಉಳಿಯುತ್ತದೆ. ಎಲ್ಲ ಕಡೆ ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು.

ಹೊನ್ನಾವರದ ಆಶಾ · ಅದೇ ದಿನ

ನನ್ನ ಕಡೆಯ ಬಸುರಿಯರ ತಾಯಿ ಕಾರ್ಡಿನ ಹಿಂದೆ ಇವತ್ತಿನಿಂದ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: "3ನೇ ದಿನ ಹಿಮ್ಮಡಿ ರಕ್ತ". ಪುಟ್ಟಿಯ ಅಮ್ಮ, ನೀವು ಬರೆದದ್ದು ಒಳ್ಳೆಯದಾಯಿತು.

ಹುಲೇಕಲ್ ಹುಡುಗಿ · ಅಕ್ಟೋಬರ್

ಸುದ್ದಿ ಕೊಡಲು ಬಂದೆ. 18 ವಾರ. ಟಿಎಸ್‌ಎಚ್ 2.1. ಮಾತ್ರೆ 100ರಲ್ಲೇ ಇದೆ, ಕಷಾಯ ಅರ್ಧ ತಾಸು ತಡ. ಅತ್ತೆಯೇ ಈಗ ಬೆಳಗ್ಗೆ "ಮಾತ್ರೆ ಆಯ್ತಾ?" ಎಂದು ಕೇಳಿ ಆಮೇಲೆ ಒಲೆ ಮೇಲೆ ಕಷಾಯ ಇಡುತ್ತಾರೆ. ಬೆಂಗಳೂರಿನ ತಂಗಿಗೆ ಮೇಷ್ಟ್ರ ಅಳಿವೆ ಕಥೆ ಕಳಿಸಿದೆ. "ಜೊಳ್ಳು ಓದಿ ಹೆದರಿಸಿದೆ ಕಣೇ" ಎಂದಳು.

ಹುಲೇಕಲ್ ಹುಡುಗಿ · ಮಾರ್ಚ್

ಗಂಡು ಮಗು. 2 ಕಿಲೋ 900. ಮಾಣಿಗೆ ಇವತ್ತಿಗೆ ಹನ್ನೊಂದು ದಿನ.

ಮೂರನೇ ದಿನ ನರ್ಸಮ್ಮನಿಗೆ ಕೇಳಿದೆ. "ನಿಮಗೆ ಯಾರು ಹೇಳಿದರು?" ಎಂದರು. ಅಂಕೋಲೆಯ ಒಬ್ಬ ಅಕ್ಕ ಎಂದೆ. ಹಿಮ್ಮಡಿ ಚುಚ್ಚಿದಾಗ ಅವನಿಗಿಂತ ಜೋರಾಗಿ ನಾನು ಅತ್ತೆ. ರಕ್ತ ಹುಬ್ಬಳ್ಳಿಗೆ ಹೋಗಿ ನಾಲ್ಕು ದಿನಕ್ಕೆ ಉತ್ತರ ಬಂತು. ಟಿಎಸ್‌ಎಚ್ 4.3, ಸರಿ ಇದೆ ಎಂದರು. ರಾತ್ರಿಯೆಲ್ಲ ಅಳುತ್ತಾನೆ. ಪುಟ್ಟಿಯ ಅಮ್ಮ, ಅವನು ಅತ್ತಾಗಲೆಲ್ಲ ನಿಮ್ಮ ನೆನಪು.

ನನ್ನ ಮಾತ್ರೆ ವಾಪಸ್ 75 ಮಾಡಿದ್ದಾರೆ, ಆರು ವಾರಕ್ಕೆ ಮತ್ತೆ ರಕ್ತ. ಹಾಲಿನಲ್ಲಿ ಮಗುವಿಗೆ ಮಾತ್ರೆ ಹೋಗುತ್ತದಾ?

ಘಟ್ಟ ಇಳಿದವಳು · ಅದೇ ದಿನ

ಅಭಿನಂದನೆ ಅಕ್ಕ! ಹಾಲಿಗೆ ಬರುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಧೈರ್ಯವಾಗಿ ಕುಡಿಸಿ. ಬಾಣಂತನದ ಗಡಿಬಿಡಿಯಲ್ಲಿ ಮಾತ್ರೆ ಮಾತ್ರ ಬಿಡಬೇಡಿ.

ಪುಟ್ಟಿಯ ಅಮ್ಮ · ಅದೇ ರಾತ್ರಿ

ಅಳಲಿ ಬಿಡು. ಚೆನ್ನಾಗಿ ಅಳಲಿ.

ಅಘನಾಶಿನಿ ದಂಡೆ · ಮರುದಿನ

ಮಾಣಿಗೆ ಒಳ್ಳೆಯದಾಗಲಿ. ಬಾಣಂತಿಗೆ ಬಂಗಡೆ ಸಾರು ಕಳಿಸುವ ಹಾಗಿಲ್ಲ, ನಿಮ್ಮ ಮನೆಯವರು ಬೆನ್ನಟ್ಟಿ ಬರುತ್ತಾರೆ.

ಹುಲೇಕಲ್ ಹುಡುಗಿ · ಮರುದಿನ

ಸಾರು ಬೇಡ ಅಣ್ಣ. ಅಪ್ಪೆಮಿಡಿ ಬಂದಿದೆ, ಅತ್ತೆ ಉಪ್ಪಿನಕಾಯಿಗೆ ಸಾಣಿಕಟ್ಟೆಯ ಕಲ್ಲುಪ್ಪೇ ಬೇಕು ಎನ್ನುತ್ತಿದ್ದಾರೆ. ಅಡುಗೆಗೆ ಪ್ಯಾಕೆಟ್ಟೇ, ಮೇಷ್ಟ್ರು ಹೆದರಬಾರದು. ಐದು ಕಿಲೋ ಶಿರಸಿ ಬಸ್ಸಿಗೆ ಹಾಕ್ತೀರಾ?